ಆರೋಗ್ಯವೂ ಒಂದು ಪಠ್ಯವಿಷಯ: ಕಲಿತದ್ದರಲ್ಲಿ ಉಳಿಯುವುದೆಷ್ಟು?

ಒಂದು ಕಾಗದ, ಒಂದು ಪೆನ್ನು ತೆಗೆದುಕೊಂಡು ಕುಳಿತುಕೊಳ್ಳಿ. ಕೆಳಗಿನ ಐದು ಪ್ರಶ್ನೆಗಳಿಗೆ ಯಾರನ್ನೂ ಕೇಳದೆ, ಪುಸ್ತಕ ತೆರೆಯದೆ, ಫೋನನ್ನೂ ಮುಟ್ಟದೆ ಉತ್ತರ ಬರೆಯಿರಿ. ತಿಳಿಯದಿದ್ದರೆ ‘ತಿಳಿಯದು’ ಎಂದೇ ಬರೆಯಿರಿ. ಊಹಿಸಿ ಬರೆಯಬೇಡಿ. ಇದಕ್ಕೆ ಅಂಕಗಳಿಲ್ಲ.

ಮೊದಲನೆಯದು: ಬೀದಿಯ ನಾಯಿಮರಿಯೊಂದರ ಹಲ್ಲು ನಿಮ್ಮ ತಮ್ಮನ ಕಾಲಿಗೆ ತಾಗಿದೆ, ರಕ್ತ ತುಸುವೇ ಜಿನುಗಿದೆ. ಆಸ್ಪತ್ರೆಗೆ ಹೊರಡುವ ಮೊದಲು ಮನೆಯಲ್ಲೇ ಮಾಡಬೇಕಾದ ಕೆಲಸ ಯಾವುದು, ಎಷ್ಟು ಹೊತ್ತು? ಎರಡನೆಯದು: ಮನೆಯಲ್ಲಿ ಮಗುವಿಗೆ ಭೇದಿ. ಓ.ಆರ್.ಎಸ್. ಪೊಟ್ಟಣ ಸಿಗಲಿಲ್ಲ. ಒಂದು ಲೀಟರು ನೀರಿಗೆ ಎಷ್ಟು ಸಕ್ಕರೆ, ಎಷ್ಟು ಉಪ್ಪು? ಮೂರನೆಯದು: ಸಹಪಾಠಿಯೊಬ್ಬ ಕಾಲೇಜಿನ ಪಡಸಾಲೆಯಲ್ಲಿ ಫಿಟ್ಸ್ ಬಂದು ಬಿದ್ದಿದ್ದಾನೆ. ಅವನ ಕೈಗೆ ಏನು ಕೊಡಬೇಕು? ನಾಲ್ಕನೆಯದು: ಕಬ್ಬಿಣದ ಮಾತ್ರೆ ನುಂಗಿದ ಕೂಡಲೇ ಕಾಫಿ ಕುಡಿಯಬಹುದೆ? ಐದನೆಯದು: ನೆಗಡಿಯಾಗಿದೆ, ಕಳೆದ ಸಲ ಉಳಿದ ಆಂಟಿಬಯಾಟಿಕ್ ಮಾತ್ರೆ ಮನೆಯಲ್ಲಿದೆ. ಅದನ್ನು ನುಂಗಿದರೆ ಬೇಗ ವಾಸಿಯಾಗುತ್ತದೆಯೆ?

ಬರೆದಾಯಿತೆ? ಕಾಗದವನ್ನು ಮಡಿಚಿಡಿ. ನೀವು ಈಗ ಮಾಡಿದ ಕೆಲಸಕ್ಕೆ ಸಂಶೋಧಕರು ‘ಪೂರ್ವಪರೀಕ್ಷೆ’ ಎಂದು ಹೆಸರಿಟ್ಟಿದ್ದಾರೆ. ವಿಶ್ವವಿದ್ಯಾಲಯಗಳಲ್ಲಿ ಆರೋಗ್ಯದ ಪಾಠ ಹೇಳುವುದರಿಂದ ವಿದ್ಯಾರ್ಥಿಗಳ ತಿಳಿವಳಿಕೆ ನಿಜವಾಗಿ ಹೆಚ್ಚುತ್ತದೆಯೆ ಎಂದು ಕಂಡುಕೊಳ್ಳಲು ಹೊರಟವರೆಲ್ಲ ಶುರುಮಾಡುವುದು ಇಲ್ಲಿಂದಲೇ.

ಈ ಪಾಠ ಎಲ್ಲಿಂದ ಬಂತು?

ವೈದ್ಯರಾಗಲು ಹೊರಟವರು ಆರೋಗ್ಯಶಾಸ್ತ್ರ ಓದುವುದು ಸಹಜ. ಆದರೆ ಇತಿಹಾಸ, ವಾಣಿಜ್ಯ, ಭೌತಶಾಸ್ತ್ರ ಓದುವವರಿಗೂ ಆರೋಗ್ಯವನ್ನು ಒಂದು ಪಠ್ಯವಿಷಯವಾಗಿ ಕಲಿಸಬೇಕೆಂಬ ಯೋಚನೆ ಹೇಗೆ ಬಂತು? ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಆಮರ್ಸ್ಟ್ ಎಂಬ ಕಾಲೇಜಿದೆ. ಓದಿನ ಭಾರಕ್ಕೆ ಹುಡುಗರ ದೇಹ ಸೋಲುತ್ತಿದೆ ಎಂಬ ಚಿಂತೆ 1850ರ ದಶಕದಲ್ಲಿ ಅದರ ಅಧ್ಯಕ್ಷರನ್ನು ಕಾಡಿತು. 1861ರಲ್ಲಿ ಎಡ್ವರ್ಡ್ ಹಿಚ್‌ಕಾಕ್ ಎಂಬ ವೈದ್ಯರನ್ನು ಆರೋಗ್ಯಶಾಸ್ತ್ರ ಮತ್ತು ಅಂಗಸಾಧನೆಯ ಪ್ರಾಧ್ಯಾಪಕರಾಗಿ ಕಾಲೇಜು ನೇಮಿಸಿಕೊಂಡಿತು. ಅವರು ಪಾಠ ಹೇಳುವುದರೊಂದಿಗೆ ವಿದ್ಯಾರ್ಥಿಗಳ ಎತ್ತರ, ತೂಕ, ಎದೆಯ ಸುತ್ತಳತೆಯನ್ನು ವರ್ಷ ವರ್ಷವೂ ಅಳೆದು ಬರೆದಿಟ್ಟರು. ಪಾಠದಿಂದ ಪ್ರಯೋಜನವಾಯಿತೆ ಎಂದು ಅಳೆದು ನೋಡುವ ಅಭ್ಯಾಸವೂ ಹೀಗೆ ಈ ಪಾಠದ ಜೊತೆಜೊತೆಗೇ ಹುಟ್ಟಿದ್ದು.

ನೂರು ವರ್ಷಗಳ ನಂತರ ಇನ್ನೊಂದು ಮಾತು ಸೇರಿಕೊಂಡಿತು. ಆರೋಗ್ಯವೆಂದರೆ ರೋಗವಿಲ್ಲದಿರುವುದಷ್ಟೇ ಅಲ್ಲ, ದೇಹ, ಮನಸ್ಸು, ಸಾಮಾಜಿಕ ಜೀವನ ಮೂರೂ ನೆಟ್ಟಗಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 1948ರಲ್ಲಿ ಜಾರಿಗೆ ಬಂದ ತನ್ನ ಸಂವಿಧಾನದಲ್ಲೇ ಹೇಳಿತ್ತು. ಅಮೆರಿಕದ ವೈದ್ಯ ಹಾಲ್ಬರ್ಟ್ ಡನ್ 1961ರಲ್ಲಿ ಈ ಯೋಚನೆಯನ್ನು ಬೆಳೆಸಿ ‘ವೆಲ್‌ನೆಸ್’ ಎಂಬ ಪದವನ್ನು ಪ್ರಚಾರಕ್ಕೆ ತಂದರು. ನಾವು ‘ಸ್ವಾಸ್ಥ್ಯ’ ಎನ್ನೋಣ. 1976ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸ್ಟೀವನ್ಸ್ ಪಾಯಿಂಟ್ ಕೇಂದ್ರದ ವೈದ್ಯ ಬಿಲ್ ಹೆಟ್ಲರ್ ಅದಕ್ಕೆ ಆರು ಮುಖಗಳನ್ನು ಗುರುತಿಸಿದರು: ದೈಹಿಕ, ಭಾವನಾತ್ಮಕ, ಬೌದ್ಧಿಕ, ಸಾಮಾಜಿಕ, ವೃತ್ತಿಪರ, ಆಧ್ಯಾತ್ಮಿಕ. ಇಂದಿಗೂ ಬಹಳಷ್ಟು ವಿಶ್ವವಿದ್ಯಾಲಯಗಳ ಸ್ವಾಸ್ಥ್ಯ ಪಠ್ಯಕ್ರಮದ ಮೊದಲ ಅಧ್ಯಾಯದಲ್ಲಿ ನಿಮಗೆ ಸಿಗುವುದು ಈ ಆರು ಮುಖಗಳೇ, ಇಲ್ಲವೆ ಅವುಗಳಿಗೆ ಒಂದೆರಡು ಸೇರಿಸಿದ ಪಟ್ಟಿ.

ನಮ್ಮಲ್ಲಿ ಈ ಕೆಲಸ ಮೊದಲು ನಡೆದದ್ದು ತರಗತಿಯ ಹೊರಗೆ. 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳಲ್ಲಿ ಲಸಿಕೆ, ನೈರ್ಮಲ್ಯ, ರಕ್ತದಾನದ ವಿಚಾರವನ್ನು ವಿದ್ಯಾರ್ಥಿಗಳು ಹಳ್ಳಿಯವರಿಗೆ ಹೇಳಹೊರಟು, ಹೇಳುತ್ತಾ ಹೇಳುತ್ತಾ ತಾವೇ ಕಲಿತರು. 1991ರಲ್ಲಿ ಇದೇ ಯೋಜನೆಯ ಮೂಲಕ ಕಾಲೇಜುಗಳಲ್ಲಿ ಏಡ್ಸ್ ಕುರಿತು ಬಾಯಿಬಿಟ್ಟು ಮಾತನಾಡುವ ಕಾರ್ಯಕ್ರಮ ಶುರುವಾಯಿತು. ಆ ಕಾಲಕ್ಕೆ ಅದು ಸಣ್ಣ ಧೈರ್ಯವೇನಲ್ಲ. ಶಾಲೆಗಳ ಮಟ್ಟದಲ್ಲಿ, ಆಯುಷ್ಮಾನ್ ಭಾರತ ಯೋಜನೆಯ ಅಂಗವಾಗಿ 2020ರ ಫೆಬ್ರವರಿಯಲ್ಲಿ ಆರಂಭವಾದ ಕಾರ್ಯಕ್ರಮ ಪ್ರತಿ ಶಾಲೆಯ ಇಬ್ಬರು ಶಿಕ್ಷಕರನ್ನು ಆರೋಗ್ಯದ ರಾಯಭಾರಿಗಳಾಗಿ ತರಬೇತುಗೊಳಿಸುವ ಗುರಿ ಇಟ್ಟುಕೊಂಡಿತು. ಕರ್ನಾಟಕದ ಪದವಿ ತರಗತಿಗಳಿಗೆ 2021-22ರಲ್ಲಿ ಹೊಸ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ಬಂದಾಗ ಯೋಗ, ಆರೋಗ್ಯ ಮತ್ತು ಸ್ವಾಸ್ಥ್ಯ ಎಂಬ ಚಿಕ್ಕ ವಿಷಯಗಳೂ ವೇಳಾಪಟ್ಟಿಗೆ ಸೇರಿದವು. 2024ರಲ್ಲಿ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿ, ಪಠ್ಯಕ್ರಮವನ್ನು ಮತ್ತೊಮ್ಮೆ ಬದಲಿಸಿತು.

ಚಿಕ್ಕ ವಿಷಯ ಎಂದೆ. ವಾರಕ್ಕೆ ಒಂದೆರಡು ಗಂಟೆ, ಕಡಿಮೆ ಕ್ರೆಡಿಟ್ಟು, ಬೇರೆ ವಿಷಯದ ಪಾಠ ಬಾಕಿ ಉಳಿದರೆ ಮೊದಲು ಬಿಟ್ಟುಕೊಡಬೇಕಾದ ಅವಧಿ. ಇಂಥ ಅವಧಿಯಿಂದ ಏನಾದರೂ ಉಪಯೋಗವಿದೆಯೆ?

ಅಳೆಯುವುದು ಹೇಗೆ?

ಒಂದು ಕಾಲೇಜನ್ನು ಕಲ್ಪಿಸಿಕೊಳ್ಳಿ. ಇದು ನಾನು ಲೆಕ್ಕ ತಿಳಿಸಲು ಕಟ್ಟಿದ ಉದಾಹರಣೆ. 60 ವಿದ್ಯಾರ್ಥಿಗಳು ಆರೋಗ್ಯದ ಪಾಠಕ್ಕೆ ಸೇರಿದ್ದಾರೆ. ಮೊದಲ ದಿನ 20 ಪ್ರಶ್ನೆಗಳ ಪರೀಕ್ಷೆ ಕೊಟ್ಟಾಗ ಸರಾಸರಿ 11 ಅಂಕ ಬಂತು. ಪಾಠ ಮುಗಿದ ಮೇಲೆ ಅದೇ ಪರೀಕ್ಷೆ, ಸರಾಸರಿ 15. ನಾಲ್ಕು ಅಂಕ ಹೆಚ್ಚಿತು, ಪಾಠ ಸಾರ್ಥಕ ಎಂದು ಪ್ರಾಂಶುಪಾಲರು ಸಂತೋಷಪಟ್ಟರು. ನೀವು ವಿಜ್ಞಾನದ ವಿದ್ಯಾರ್ಥಿಯಾಗಿದ್ದರೆ ಇಷ್ಟಕ್ಕೇ ಸಂತೋಷಪಡಬೇಡಿ.

ಏಕೆಂದರೆ ಆ ನಾಲ್ಕು ತಿಂಗಳಲ್ಲಿ ಪಾಠವೊಂದೇ ನಡೆಯಲಿಲ್ಲ. ಮಳೆಗಾಲ ಬಂತು, ಪತ್ರಿಕೆಗಳ ತುಂಬ ಡೆಂಗಿ ಸುದ್ದಿ ಬಂತು. ಒಂದೇ ಪ್ರಶ್ನೆಪತ್ರಿಕೆಯನ್ನು ಎರಡು ಸಲ ನೋಡಿದರೆ ಎರಡನೆಯ ಸಲ ಉತ್ತರ ಸಲೀಸು. ಆದ್ದರಿಂದ ಪಾಠಕ್ಕೆ ಸೇರದ ಇನ್ನೊಂದು ತರಗತಿಗೂ ಅದೇ ದಿನಗಳಂದು ಅದೇ ಪರೀಕ್ಷೆ ಕೊಡಬೇಕು. ಅಲ್ಲಿ ಸರಾಸರಿ 11 ಇದ್ದದ್ದು 13ಕ್ಕೆ ಏರಿದರೆ? ಆಗ ಪಾಠದಿಂದಲೇ ಬಂದದ್ದು ನಾಲ್ಕಲ್ಲ, ಎರಡು ಅಂಕ. ಈ ಎರಡನೆಯ ತರಗತಿಗೆ ಹೋಲಿಕೆಯ ಗುಂಪು ಎನ್ನುತ್ತಾರೆ. ಹೋಲಿಕೆಯ ಗುಂಪಿಲ್ಲದ ಅಧ್ಯಯನವನ್ನು ಓದುವಾಗ ಪ್ರತಿ ಅಂಕಿಯನ್ನೂ ಸ್ವಲ್ಪ ಅನುಮಾನದಿಂದಲೇ ನೋಡುವುದು ಒಳ್ಳೆಯದು.

ಇನ್ನೊಂದು ತೊಡಕಿದೆ. ಆರೋಗ್ಯದ ಪಾಠ ಐಚ್ಛಿಕವಾಗಿದ್ದರೆ ಅದನ್ನು ಆರಿಸಿಕೊಳ್ಳುವವರು ಯಾರು? ಆಟೋಟದಲ್ಲಿ ಆಸಕ್ತಿ ಇರುವವರು, ಮನೆಯಲ್ಲಿ ನರ್ಸೋ ವೈದ್ಯರೋ ಇರುವವರು, ಆಹಾರದ ಬಗ್ಗೆ ಮೊದಲೇ ಓದಿಕೊಂಡವರು. ಅವರನ್ನು ಉಳಿದವರ ಜೊತೆ ಹೋಲಿಸಿ ‘ಪಾಠ ಓದಿದವರಿಗೆ ಹೆಚ್ಚು ತಿಳಿದಿದೆ’ ಎಂದರೆ, ಈಜು ಬಲ್ಲವರನ್ನೇ ಕೊಳಕ್ಕಿಳಿಸಿ ಈ ಕೊಳದ ನೀರು ಈಜು ಕಲಿಸುತ್ತದೆ ಎಂದ ಹಾಗೆ. ಎಲ್ಲರಿಗೂ ಕಡ್ಡಾಯವಾದ ಪಾಠದಲ್ಲಿ ಈ ತೊಂದರೆಯಿಲ್ಲ. ಆದರೆ ಅಲ್ಲಿ ಹೋಲಿಸಲು ಹೊರಗುಳಿದವರೇ ಸಿಗುವುದಿಲ್ಲ!

ಇನ್ನು ಪ್ರಶ್ನೆಪತ್ರಿಕೆಯ ವಿಚಾರ. ನಾಲ್ಕು ಆಯ್ಕೆಗಳ 20 ಪ್ರಶ್ನೆಗಳಿಗೆ ಏನೂ ತಿಳಿಯದವನು ಕಣ್ಣುಮುಚ್ಚಿ ಗುರುತು ಹಾಕಿದರೂ ಸರಾಸರಿ ಐದು ಸರಿಯಾಗುತ್ತವೆ. ‘ತಿಳಿಯದು’ ಎಂಬ ಆಯ್ಕೆಯನ್ನು ಐದನೆಯದಾಗಿ ಕೊಡುವುದು ಅದಕ್ಕಾಗಿಯೇ. ತಿಳಿಯದವರನ್ನೂ ತಪ್ಪಾಗಿ ತಿಳಿದವರನ್ನೂ ಅದು ಬೇರ್ಪಡಿಸುತ್ತದೆ. ಪಾಠ ಹೇಳುವವರಿಗೆ ಈ ಎರಡು ಗುಂಪುಗಳು ಒಂದೇ ಅಲ್ಲ. ಅದು ಏಕೆಂದು ಈಗ ನಿಮ್ಮ ಕಾಗದವನ್ನು ಬಿಚ್ಚಿದರೆ ತಿಳಿಯುತ್ತದೆ.

ನಿಮ್ಮ ಉತ್ತರಗಳು

ನಾಯಿಯ ಹಲ್ಲು ತಾಗಿದ ಜಾಗವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆಯಬೇಕು. ಗಡಿಯಾರ ನೋಡಿಕೊಂಡು ತೊಳೆಯಿರಿ, 15 ನಿಮಿಷ ನೀವೆಣಿಸಿದ್ದಕ್ಕಿಂತ ದೀರ್ಘ. ರೇಬಿಸ್ ವೈರಾಣು ಗಾಯದಿಂದ ನರಗಳ ಮೂಲಕ ಮಿದುಳಿನ ಕಡೆ ಸಾಗುತ್ತದೆ. ಗಾಯದಲ್ಲೇ ಅದನ್ನು ಆದಷ್ಟು ತೊಳೆದು ಹಾಕುವುದು ಮೊದಲ ರಕ್ಷಣೆ. ಅನಂತರ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಚರ್ಮದ ಒಳಪದರಕ್ಕೆ ಕೊಡುವ ಲಸಿಕೆಯಾದರೆ ಮೊದಲ ದಿನ, ಆಮೇಲೆ 3, 7 ಮತ್ತು 28ನೆಯ ದಿನಗಳಂದು ಹಾಕಿಸಿಕೊಳ್ಳಬೇಕು. ರಕ್ತ ಬಂದಿದ್ದರೆ ಗಾಯದ ಸುತ್ತ ಇಮ್ಯುನೊಗ್ಲಾಬುಲಿನ್ ಸಹ ಕೊಡುತ್ತಾರೆ. ನಾಯಿಮರಿಯ ಗೀರು ಎಂದು ಸುಮ್ಮನಿರಬಾರದು. ರೋಗದ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಬದುಕುಳಿದವರು ಇಲ್ಲವೆನ್ನುವಷ್ಟು ವಿರಳ.

ಇಲ್ಲಿ ‘ತಿಳಿಯದು’ ಎಂದು ಬರೆದವರಿಗೆ ಕಲಿಸುವುದು ಸುಲಭ. ಐದು ನಿಮಿಷ ಸಾಕು. ಆದರೆ ‘ಖಾರದ ಪುಡಿ ಹಚ್ಚಬೇಕು’, ‘ಸುಣ್ಣ ಹಚ್ಚಬೇಕು’, ‘ಕಾಫಿ ಪುಡಿ ಒತ್ತಬೇಕು’ ಎಂದು ಬರೆದವರಿಗೆ ಕಲಿಸುವುದು ಬೇರೆ ಕೆಲಸ. ಅದನ್ನು ಹೇಳಿಕೊಟ್ಟವರು ಅಜ್ಜಿ, ಪ್ರೀತಿಯಿಂದ ಹೇಳಿಕೊಟ್ಟವರು. ಖಾಲಿ ಜಾಗದಲ್ಲಿ ಹೊಸ ಗಿಡ ನೆಡುವುದಕ್ಕೂ, ಬೇರುಬಿಟ್ಟ ಗಿಡ ಕಿತ್ತು ಇನ್ನೊಂದನ್ನು ನೆಡುವುದಕ್ಕೂ ವ್ಯತ್ಯಾಸವಿದೆ ತಾನೆ? ಸರಿಯಾದ ಉತ್ತರವನ್ನು ಹೇಳಿ ಮುಂದಕ್ಕೆ ಹೋಗುವ ಪಾಠದಲ್ಲಿ ಹಳೆಯ ನಂಬಿಕೆ ಹಾಗೆಯೇ ಉಳಿಯುತ್ತದೆ. ವಿದ್ಯಾರ್ಥಿ ಪರೀಕ್ಷೆಯಲ್ಲಿ ‘ಸಾಬೂನು’ ಎಂದು ಬರೆಯುತ್ತಾನೆ, ಮನೆಯಲ್ಲಿ ಖಾರದ ಪುಡಿಯ ಡಬ್ಬಿ ತೆಗೆಯುತ್ತಾನೆ. ಖಾರದ ಪುಡಿ ಏಕೆ ಕೂಡದು, ಅದು ಗಾಯವನ್ನು ಕೆರಳಿಸುತ್ತದೆಯೇ ಹೊರತು ವೈರಾಣುವನ್ನು ತೊಳೆದುಹಾಕುವುದಿಲ್ಲ ಎಂದು ಹೆಸರು ಹಿಡಿದು ಚರ್ಚಿಸಿದರೆ ಮಾತ್ರ ನಂಬಿಕೆ ಅಲುಗುತ್ತದೆ.

ಮೂರನೆಯ ಪ್ರಶ್ನೆಯನ್ನು ನಾನು ಬೇಕೆಂದೇ ಹಾಗೆ ಕೇಳಿದೆ. ಫಿಟ್ಸ್ ಬಂದವರ ಕೈಗೆ ಏನನ್ನೂ ಕೊಡಬೇಕಾಗಿಲ್ಲ. ಬೀಗದ ಕೈ, ಕಬ್ಬಿಣದ ಸರಳು, ಈರುಳ್ಳಿ, ಯಾವುದೂ ಬೇಡ. ಸೆಳೆತ ಸಾಮಾನ್ಯವಾಗಿ ಒಂದೆರಡು ನಿಮಿಷಗಳಲ್ಲಿ ತಾನಾಗಿಯೇ ನಿಲ್ಲುತ್ತದೆ. ಕಬ್ಬಿಣ ಹಿಡಿಸಿದ ಹೊತ್ತಿಗೆ ಅದು ನಿಂತಿರುವುದರಿಂದ ಕೀರ್ತಿ ಕಬ್ಬಿಣಕ್ಕೆ ಸಲ್ಲುತ್ತದೆ. ಮಾಡಬೇಕಾದದ್ದು ಇಷ್ಟು: ಸುತ್ತ ಚೂಪಾದ ವಸ್ತುಗಳಿದ್ದರೆ ಸರಿಸಿ, ತಲೆಯ ಕೆಳಗೆ ಮೆತ್ತನೆಯದೇನಾದರೂ ಇಡಿ, ಕೊರಳಿನ ಗುಂಡಿ ಸಡಿಲಿಸಿ, ಪಕ್ಕಕ್ಕೆ ಮಗ್ಗುಲಾಗಿ ಮಲಗಿಸಿ. ಬಾಯಿಗೆ ಚಮಚ, ಬಟ್ಟೆ, ನೀರು ಏನನ್ನೂ ಹಾಕಬೇಡಿ. ಅದುಮಿ ಹಿಡಿಯಬೇಡಿ. ಗಡಿಯಾರ ನೋಡಿ, ಐದು ನಿಮಿಷ ಮೀರಿದರೆ, ಅಥವಾ ಎಚ್ಚರವಾಗುವ ಮೊದಲೇ ಮತ್ತೆ ಬಂದರೆ ಆಸ್ಪತ್ರೆಗೆ ಒಯ್ಯಬೇಕು.

ಕಬ್ಬಿಣದ ಮಾತ್ರೆಯ ಮೇಲೆ ಕಾಫಿ, ಟೀ ಬೇಡ. ಅವುಗಳಲ್ಲಿರುವ ಅಂಶಗಳು ಕಬ್ಬಿಣವನ್ನು ಹಿಡಿದಿಟ್ಟು ಕರುಳು ಹೀರದಂತೆ ಮಾಡುತ್ತವೆ. ನಿಂಬೆಹಣ್ಣಿನ ಶರಬತ್ತು ಇದಕ್ಕೆ ತದ್ವಿರುದ್ಧ, ಹೀರಲು ನೆರವಾಗುತ್ತದೆ. ಈ ಪ್ರಶ್ನೆ ಏಕೆ ಮುಖ್ಯವೆಂದರೆ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ. ಹುಡುಗರು ತಮಗೆ ಸಂಬಂಧವಿಲ್ಲವೆಂದು ಪುಟ ತಿರುಗಿಸಬೇಡಿ, ಅದೇ ವಯಸ್ಸಿನ ಹುಡುಗರಲ್ಲೂ ನೂರಕ್ಕೆ 31 ಮಂದಿಗೆ ಇದೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯನ್ನು ನುಂಗಿದರೆ ಮಲ ಕಪ್ಪಾಗುತ್ತದೆ, ಕೆಲವರಿಗೆ ಹೊಟ್ಟೆ ತೊಳಸುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಹೆದರಿದ ಹುಡುಗಿ ಎರಡನೆಯ ವಾರದ ಮಾತ್ರೆಯನ್ನು ಕಿಟಕಿಯಾಚೆ ಎಸೆಯುತ್ತಾಳೆ. ‘ಕಬ್ಬಿಣ ದೇಹಕ್ಕೆ ಅಗತ್ಯ’ ಎಂಬ ವಾಕ್ಯ ಅವಳಿಗೆ ಬಾಯಿಪಾಠ ಇದ್ದರೂ ಇದು ನಡೆಯುತ್ತದೆ.

ಐದನೆಯದು ಬೇಗ ಮುಗಿಯುತ್ತದೆ. ನೆಗಡಿ ವೈರಾಣುವಿನಿಂದ ಬರುವಂಥದ್ದು, ಆಂಟಿಬಯಾಟಿಕ್ ಕೊಲ್ಲುವುದು ಬ್ಯಾಕ್ಟೀರಿಯಾವನ್ನು. ಗುಣವಾಗುವುದಿಲ್ಲ, ಬೇಡದ ಬಳಕೆಯಿಂದ ಔಷಧಿಗೆ ಜಗ್ಗದ ಬ್ಯಾಕ್ಟೀರಿಯಾಗಳು ಹೆಚ್ಚುತ್ತವೆ. ಎರಡನೆಯ ಪ್ರಶ್ನೆಯ ಉತ್ತರವನ್ನು ಕೊನೆಗೆ ಇಟ್ಟುಕೊಂಡಿದ್ದೇನೆ.

ತಿಳಿದದ್ದೂ ಮಾಡಿದ್ದೂ

ಪಾಠದ ಮೊದಲು, ಪಾಠದ ನಂತರ ಎಂದು ಅಳೆದ ಅಧ್ಯಯನಗಳು ಒಟ್ಟಾರೆ ಏನು ಹೇಳುತ್ತವೆ? ತಿಳಿವಳಿಕೆ ಹೆಚ್ಚುತ್ತದೆ, ಇದರಲ್ಲಿ ಹೆಚ್ಚು ಭಿನ್ನಾಭಿಪ್ರಾಯವಿಲ್ಲ. ಮನೋಭಾವ ಸ್ವಲ್ಪ ಬದಲಾಗುತ್ತದೆ. ನಡವಳಿಕೆ ಎಲ್ಲಕ್ಕಿಂತ ಕಡಿಮೆ ಬದಲಾಗುತ್ತದೆ. ತಿಳಿವಳಿಕೆ, ಮನೋಭಾವ, ಆಚರಣೆ ಎಂಬ ಮೂರು ಮೆಟ್ಟಿಲುಗಳಲ್ಲಿ ಮೊದಲನೆಯದನ್ನು ಹತ್ತಿದವರು ಮೂರನೆಯದಕ್ಕೂ ತಾವಾಗಿ ಹತ್ತುತ್ತಾರೆ ಎಂಬ ಭರವಸೆ ಹಲವು ಕಡೆ ಹುಸಿಯಾಗಿದೆ.

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ನಡೆದ ಒಂದು ದೊಡ್ಡ ಪ್ರಯೋಗ ನೋಡಿ. 40 ಶಾಲಾ ಜಿಲ್ಲೆಗಳು, 8,000ಕ್ಕೂ ಹೆಚ್ಚು ಮಕ್ಕಳು. ಅರ್ಧ ಜಿಲ್ಲೆಗಳಲ್ಲಿ ಮೂರನೆಯ ತರಗತಿಯಿಂದ ಆರಂಭಿಸಿ ಪ್ರೌಢಶಾಲೆಯವರೆಗೆ ಧೂಮಪಾನದ ವಿರುದ್ಧ ಎಚ್ಚರಿಕೆಯಿಂದ ರೂಪಿಸಿದ ಪಾಠ, ಉಳಿದರ್ಧದಲ್ಲಿ ಎಂದಿನಂತೆ. ಮಕ್ಕಳು ಶಾಲೆ ಮುಗಿಸಿ ಎರಡು ವರ್ಷವಾಗುವವರೆಗೂ ಅವರನ್ನು ಹಿಂಬಾಲಿಸಿದರು. 2000ದಲ್ಲಿ ಫಲಿತಾಂಶ ಪ್ರಕಟವಾದಾಗ ಎರಡು ಗುಂಪುಗಳ ಧೂಮಪಾನದ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ಇದನ್ನು ಕೇಳಿ ಪಾಠವೇ ವ್ಯರ್ಥ ಎನ್ನುವವರಿದ್ದಾರೆ. ನಾನು ಹಾಗೆ ಹೇಳಲಾರೆ. ಪಾಠಕ್ಕೂ ಕೆಲಸಕ್ಕೂ ನಡುವೆ ಏನೋ ಒಂದು ಕೊಂಡಿ ತಪ್ಪಿದೆ ಎಂದಷ್ಟೇ ಇದರಿಂದ ತಿಳಿಯುತ್ತದೆ.

ಆ ಕೊಂಡಿ ಯಾವುದಿರಬಹುದು? 1965ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗ ಇದಕ್ಕೆ ಬೆಳಕು ಚೆಲ್ಲುತ್ತದೆ. ಹೊವಾರ್ಡ್ ಲೆವೆಂತಾಲ್ ಮತ್ತು ಅವರ ಸಂಗಡಿಗರು ಯೇಲ್ ವಿಶ್ವವಿದ್ಯಾಲಯದ ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ ಧನುರ್ವಾಯು ರೋಗದ ಬಗ್ಗೆ ಕಿರುಹೊತ್ತಿಗೆಗಳನ್ನು ಕೊಟ್ಟರು. ಕೆಲವರಿಗೆ ಭಯಂಕರ ವರ್ಣನೆ, ಚಿತ್ರಗಳು. ಕೆಲವರಿಗೆ ಸಾಧಾರಣ ವಿವರಣೆ. ಹೆದರಿದವರು ಲಸಿಕೆ ಅತ್ಯಗತ್ಯವೆಂದು ಇನ್ನೂ ಗಟ್ಟಿಯಾಗಿ ಒಪ್ಪಿಕೊಂಡರು. ಆದರೆ ಒಪ್ಪಿದವರೆಲ್ಲ ಹೋಗಿ ಚುಚ್ಚಿಸಿಕೊಂಡರೆ? ಇಲ್ಲ. ಬರೀ ಹೊತ್ತಿಗೆ ಓದಿದವರಲ್ಲಿ ಲಸಿಕೆ ಹಾಕಿಸಿಕೊಂಡವರು ನೂರಕ್ಕೆ ಸುಮಾರು 3. ಇನ್ನೊಂದು ಗುಂಪಿಗೆ ಹೊತ್ತಿಗೆಯ ಜೊತೆಗೆ ಆರೋಗ್ಯ ಕೇಂದ್ರವನ್ನು ಗುರುತಿಸಿದ ಕ್ಯಾಂಪಸ್ ನಕ್ಷೆ ಕೊಟ್ಟು, ತಮ್ಮ ವಾರದ ವೇಳಾಪಟ್ಟಿ ನೋಡಿ ಯಾವಾಗ ಹೋಗುತ್ತೀರೆಂದು ಯೋಚಿಸಲು ಹೇಳಿದ್ದರು. ಆ ಗುಂಪಿನಲ್ಲಿ ನೂರಕ್ಕೆ 28 ಮಂದಿ ಹೋದರು.

ಗಮನಿಸಿ, ಅವರು ಕೊನೆಯ ವರ್ಷದವರು. ಆರೋಗ್ಯ ಕೇಂದ್ರ ಎಲ್ಲಿದೆಯೆಂದು ಅವರಿಗೆ ತಿಳಿಯದ ಸಂಗತಿಯೇನಲ್ಲ. ಆದರೂ ನಕ್ಷೆಯೂ ವೇಳೆಯೂ ಕೈಗೆ ಬಂದಾಗ ತಿಳಿವಳಿಕೆಗೆ ಕಾಲು ಬಂತು. ಅಷ್ಟೇ ಮುಖ್ಯವಾದ ಇನ್ನೊಂದು ಸಂಗತಿ: ರೋಗದ ವಿವರಣೆ ಇಲ್ಲದೆ ಬರೀ ನಕ್ಷೆ ಪಡೆದವರು ಹೋಗಲಿಲ್ಲ. ಎರಡೂ ಬೇಕಾಯಿತು.

ನಮ್ಮ ನೆರೆಯಲ್ಲೇ ಇದಕ್ಕಿಂತ ದೊಡ್ಡ ಉದಾಹರಣೆಯಿದೆ. 1971ರ ಯುದ್ಧದ ಹೊತ್ತಿನಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ದ್ರಾವಣ ಮುಗಿದಾಗ, ಡಾ. ದಿಲೀಪ್ ಮಹಲನಾಬಿಸ್ ಉಪ್ಪು ಸಕ್ಕರೆ ಬೆರೆಸಿದ ನೀರನ್ನು ಕುಡಿಸಿ ಸಾವಿರಾರು ಜೀವ ಉಳಿಸಿದರು. ಆದರೆ ಆ ವಿದ್ಯೆ ಮನೆ ಮನೆಗೆ ತಲುಪುವುದು ಹೇಗೆ? ಬಾಂಗ್ಲಾದೇಶದ ಬ್ರಾಕ್ ಎಂಬ ಸಂಸ್ಥೆ 1980ರಿಂದ ಹತ್ತು ವರ್ಷ, ಸುಮಾರು 1 ಕೋಟಿ 20 ಲಕ್ಷ ಮನೆಗಳಿಗೆ ಹೆಣ್ಣುಮಕ್ಕಳನ್ನು ಕಾರ್ಯಕರ್ತೆಯರಾಗಿ ಕಳಿಸಿತು. ಮೂರು ಬೆರಳ ಚಿಟಿಕೆಯಷ್ಟು ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಕಾರ್ಯಕರ್ತೆಯ ಸಂಬಳ ಎಷ್ಟು ಮನೆಗೆ ಹೋದಳೆಂಬುದರ ಮೇಲಲ್ಲ, ಕೆಲವು ವಾರಗಳ ನಂತರ ಇನ್ನೊಬ್ಬರು ಹೋಗಿ ಕೇಳಿದಾಗ ತಾಯಂದಿರು ಎಷ್ಟು ಅಂಶಗಳನ್ನು ನೆನಪಿಟ್ಟಿದ್ದರು ಎಂಬುದರ ಮೇಲೆ. ಪಾಠ ಹೇಳಿದವರ ಸಂಬಳವನ್ನು ಕಲಿತವರ ನೆನಪಿಗೆ ಕಟ್ಟಿಹಾಕಿದ್ದು! (ಇದನ್ನು ನಿಮ್ಮ ಅಧ್ಯಾಪಕರಿಗೆ ಓದಿ ಹೇಳಬೇಕೆಂದಿಲ್ಲ.)

ತಾಯಂದಿರು ಚೆನ್ನಾಗಿ ನೆನಪಿಟ್ಟುಕೊಂಡರು. ಆದರೂ ಮೊದಮೊದಲು ಮಗುವಿಗೆ ಭೇದಿಯಾದಾಗ ದ್ರಾವಣ ಮಾಡಿ ಕುಡಿಸಿದವರು ತೀರ ಕಡಿಮೆ. ವಿಚಾರಿಸಿದಾಗ ತಿಳಿದದ್ದೇನು? ಕಲಿಸಿದ ಕಾರ್ಯಕರ್ತೆಯರಲ್ಲೇ ಅನೇಕರಿಗೆ ಅದರಲ್ಲಿ ನಂಬಿಕೆ ಇರಲಿಲ್ಲ, ತಮಗೆ ಭೇದಿಯಾದಾಗ ಅವರು ಬೇರೆ ಮದ್ದು ತೆಗೆದುಕೊಳ್ಳುತ್ತಿದ್ದರು. ಮನೆಯ ಗಂಡಸರಿಗೆ ಯಾರೂ ಏನೂ ಹೇಳಿರಲಿಲ್ಲ. ದ್ರಾವಣ ಹೇಗೆ ಕೆಲಸ ಮಾಡುತ್ತದೆಂದು ಕಾರ್ಯಕರ್ತೆಯರಿಗೆ ತಿಳಿಸಿ, ತಾಯಂದಿರೆದುರೇ ಅವರು ಅದನ್ನು ಕುಡಿಯುವಂತೆ ಮಾಡಿ, ಗಂಡಸರನ್ನೂ ಕೂಡಿಸಿಕೊಂಡ ಮೇಲೆ ಬಳಕೆ ಏರಿತು. ತಂಬಾಕಿನ ಕೆಡುಕಿನ ಬಗ್ಗೆ ಪಾಠ ಮುಗಿಸಿ ಕಾಲೇಜಿನ ಗೇಟಿನ ಬಳಿ ಸಿಗರೇಟು ಹಚ್ಚುವ ಉಪನ್ಯಾಸಕರನ್ನು ನೀವು ಕಂಡಿದ್ದರೆ ಈ ಕಥೆ ಬಾಂಗ್ಲಾದೇಶದ್ದು ಮಾತ್ರ ಎನಿಸದು.

ಮರೆವಿನ ಮಾತು

ಪರೀಕ್ಷೆ ಮುಗಿದ ಮರುದಿನವೇ ಅಳೆದರೆ ಎಲ್ಲ ಪಾಠವೂ ಯಶಸ್ವಿ. ಆರು ತಿಂಗಳ ಮೇಲೆ ಅಳೆದವರು ಕಡಿಮೆ. 1885ರಲ್ಲಿ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸರು ಅರ್ಥವಿಲ್ಲದ ಅಕ್ಷರಗಳನ್ನು ತಾವೇ ಉರುಹೊಡೆದು, ಎಷ್ಟು ಬೇಗ ಮರೆಯುತ್ತೇವೆಂದು ತಮ್ಮ ಮೇಲೆಯೇ ಪ್ರಯೋಗ ಮಾಡಿ ತೋರಿಸಿದ್ದರು. ಮರೆವು ಮೊದಲಲ್ಲಿ ಕಡಿದಾಗಿ ಇಳಿದು ಆಮೇಲೆ ನಿಧಾನವಾಗುತ್ತದೆ.

ಇದಕ್ಕೆ ಮದ್ದು ಮತ್ತೆ ಮತ್ತೆ ಓದುವುದೆಂದು ನೀವು ತಿಳಿದಿರಬಹುದು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬಿಬ್ಬರು ಮನಶ್ಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಪಾಠ ಕೊಟ್ಟರು. ಒಂದು ಗುಂಪು ಅದನ್ನು ಎರಡು ಸಲ ಓದಿತು. ಇನ್ನೊಂದು ಗುಂಪು ಒಂದು ಸಲ ಓದಿ, ಪುಸ್ತಕ ಮುಚ್ಚಿ ನೆನಪಿದ್ದದ್ದನ್ನು ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದವರೇ ಮುಂದು. ಒಂದು ವಾರದ ನಂತರ ಕೇಳಿದಾಗ ಓದಿದವರು ನೂರಕ್ಕೆ 42 ಭಾಗ ಹೇಳಿದರೆ, ಬರೆದು ನೋಡಿದವರು 56 ಭಾಗ ಹೇಳಿದರು. ಈ ಲೇಖನದ ಆರಂಭದಲ್ಲಿ ಉತ್ತರ ಹೇಳದೆ ನಿಮ್ಮಿಂದ ಬರೆಸಿದ್ದು ಇದಕ್ಕೆ ಹತ್ತಿರದ ಕಾರಣಕ್ಕಾಗಿಯೇ. ನೀವೇ ಬರೆದ ಉತ್ತರ ಎದುರಿಗಿರುವಾಗ ಸರಿಯಾದದ್ದು ಕೇಳಿದರೆ ಅದು ಹೆಚ್ಚು ಆಳಕ್ಕೆ ಇಳಿಯುತ್ತದೆ.

ಆದರೆ ಆರೋಗ್ಯದ ವಿಚಾರದಲ್ಲಿ ನೆನಪೊಂದೇ ಸಾಲದು. ಡಾನ್ ನಟ್‌ಬೀಮ್ ಎಂಬ ವಿದ್ವಾಂಸರು 2000ದಲ್ಲಿ ಆರೋಗ್ಯದ ಅಕ್ಷರಜ್ಞಾನಕ್ಕೆ ಮೂರು ಮಟ್ಟಗಳನ್ನು ಹೇಳಿದರು. ಔಷಧದ ಚೀಟಿಯನ್ನು ಓದಿ ತಿಳಿದುಕೊಳ್ಳುವುದು ಮೊದಲನೆಯದು. ವೈದ್ಯರ ಎದುರು ಕುಳಿತು ‘ಈ ಮಾತ್ರೆ ಯಾವುದಕ್ಕೆ, ಎಷ್ಟು ದಿನ?’ ಎಂದು ಕೇಳಬಲ್ಲ ಸಾಮರ್ಥ್ಯ ಎರಡನೆಯದು. ಬಂದ ಮಾಹಿತಿಯನ್ನು ತೂಗಿ ನೋಡಿ, ಯಾರು ಹೇಳುತ್ತಿದ್ದಾರೆ, ಅವರಿಗೇನು ಲಾಭ ಎಂದು ವಿಚಾರಿಸುವುದು ಮೂರನೆಯದು. ಫೋನಿಗೆ ದಿನಕ್ಕೆ ಹತ್ತು ಮನೆಮದ್ದುಗಳ ವಿಡಿಯೊ ಬಂದು ಬೀಳುವ ಈ ದಿನಗಳಲ್ಲಿ ಮೂರನೆಯದು ಇಲ್ಲದಿದ್ದರೆ ಮೊದಲೆರಡೂ ಹೆಚ್ಚು ಕಾಲ ನಿಲ್ಲುವುದಿಲ್ಲ. ನಮ್ಮ ಪ್ರಶ್ನೆಪತ್ರಿಕೆಗಳು ಅಳೆಯುವುದು ಹೆಚ್ಚಾಗಿ ಮೊದಲನೆಯದನ್ನು ಮಾತ್ರ. ‘ಸ್ವಾಸ್ಥ್ಯದ ಆರು ಮುಖಗಳನ್ನು ಹೆಸರಿಸಿ’ ಎಂಬ ಪ್ರಶ್ನೆಗೆ ಆರಕ್ಕೆ ಆರು ಅಂಕ ಪಡೆದವರು, ಮೂರು ವಾರದಿಂದ ನಿದ್ದೆಯಿಲ್ಲದ ರೂಂಮೇಟಿಗೆ ಏನು ಹೇಳಬೇಕೆಂದು ತಿಳಿಯದೆ ಕುಳಿತಿರಬಹುದು. ಅಂಥ ಗೆಳೆಯರಿಗೆ 14416 ಎಂಬ ಸಂಖ್ಯೆ ಹೇಳಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ ಅದು, ದುಡ್ಡಿಲ್ಲದೆ ಕನ್ನಡದಲ್ಲೇ ಮಾತನಾಡಬಹುದು.

ನೀವೇ ಮಾಡಿ ನೋಡಿ

ನಿಮ್ಮ ಕಾಲೇಜಿನಲ್ಲಿ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿದ್ದರೆ ಇದಕ್ಕಿಂತ ಅಗ್ಗದ್ದು ಸಿಗದು. ಹತ್ತು ಪ್ರಶ್ನೆ ಬರೆಯಿರಿ. ನಿಮ್ಮ ಊರಿನಲ್ಲಿ ನಿಜವಾಗಿ ಬರುವ ತೊಂದರೆಗಳನ್ನೇ ಆರಿಸಿ. ಮಲೆನಾಡಿನವರಾದರೆ ಹಾವು ಕಚ್ಚಿದಾಗ ಏನು ಮಾಡಬೇಕೆಂಬ ಪ್ರಶ್ನೆ ಬಿಡಬೇಡಿ: ಬಿಗಿಯಾಗಿ ಕಟ್ಟಬಾರದು, ಕುಯ್ಯಬಾರದು, ಹೀರಬಾರದು, ಕಚ್ಚಿದ ಕೈಕಾಲನ್ನು ಅಲುಗಿಸದೆ ಬೇಗ ಆಸ್ಪತ್ರೆ ಸೇರಬೇಕು. ಪ್ರಾಂಶುಪಾಲರ ಅನುಮತಿ ಪಡೆಯಿರಿ. ಯಾರ ಹೆಸರನ್ನೂ ಬರೆಸಬೇಡಿ, ಬೇಡವೆಂದವರನ್ನು ಒತ್ತಾಯಿಸಬೇಡಿ. ಎರಡು ವಿಭಾಗಗಳಿಗೆ ಪೂರ್ವಪರೀಕ್ಷೆ, ಒಂದಕ್ಕೆ ಮಾತ್ರ ಪಾಠ, ಎರಡಕ್ಕೂ ನಂತರದ ಪರೀಕ್ಷೆ, ಮತ್ತೆ ಮೂರು ತಿಂಗಳ ಮೇಲೆ ಇನ್ನೊಂದು. ಅದೆಲ್ಲ ಮುಗಿದ ಮೇಲೆ ಪಾಠ ಸಿಗದ ವಿಭಾಗಕ್ಕೂ ಪಾಠ ಹೇಳಲು ಮರೆಯಬೇಡಿ.

ಬರೆಸುವುದರ ಜೊತೆಗೆ ಒಂದು ಕೆಲಸ ಮಾಡಿಸಿ. ಮೇಜಿನ ಮೇಲೆ ಅಳತೆಯ ಪಾತ್ರೆ, ಕುದಿಸಿ ಆರಿಸಿದ ನೀರು, ಸಕ್ಕರೆ ಡಬ್ಬಿ, ಉಪ್ಪಿನ ಡಬ್ಬಿ, ಒಂದು ಟೀ ಚಮಚ ಇಡಿ. ಒಬ್ಬೊಬ್ಬರೇ ಬಂದು ಜೀವಜಲ ತಯಾರಿಸಲಿ. ಸರಿಯಾದ ಅಳತೆ ಹೀಗೆ: ಒಂದು ಲೀಟರು ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಮಚ ತುಂಬಿ ತುಳುಕಬಾರದು, ಮೇಲ್ಭಾಗ ಸಮನಾಗಿರಬೇಕು. ಸಕ್ಕರೆ ರುಚಿಗಾಗಿ ಅಲ್ಲ. ಕರುಳಿನ ಗೋಡೆಯಲ್ಲಿ ಗ್ಲೂಕೋಸೂ ಉಪ್ಪಿನ ಸೋಡಿಯಮ್ಮೂ ಜೊತೆಯಾಗಿಯೇ ಒಳಗೆ ಸಾಗುತ್ತವೆ, ನೀರು ಅವುಗಳ ಹಿಂದೆ ಹೋಗುತ್ತದೆ. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ. ಅಂಗಡಿಯ ಪೊಟ್ಟಣವಾದರೆ ಅದರ ಮೇಲೆ ಬರೆದಷ್ಟೇ ನೀರು, ದೊಡ್ಡದಕ್ಕೆ ಒಂದು ಲೀಟರು. ಅರ್ಧ ಪೊಟ್ಟಣ ಅರ್ಧ ನೀರು ಎಂದು ಅಂದಾಜಿನಲ್ಲಿ ಕಲಸಬಾರದು, ಕಲಸಿದ್ದನ್ನು ಒಂದು ದಿನಕ್ಕಿಂತ ಹೆಚ್ಚು ಇಡಬಾರದು.

ಕಾಗದದ ಮೇಲೆ ಸರಿಯಾಗಿ ಬರೆದವರಲ್ಲಿ ಎಷ್ಟು ಮಂದಿ ಮೇಜಿನ ಬಳಿ ಸರಿಯಾಗಿ ಕಲಸಿದರು ಎಂದು ಎಣಿಸಿ, ಎರಡೂ ಅಂಕಿಗಳನ್ನು ಅಕ್ಕಪಕ್ಕ ಬರೆದಿಡಿ. ತಯಾರಾದದ್ದನ್ನು ಕುಡಿಸುವ ಮೊದಲು ಒಂದು ಹನಿ ನಾಲಿಗೆಗೆ ಹಾಕಿಕೊಂಡು ನೋಡಿ. ಅದು ಕಣ್ಣೀರಿಗಿಂತ ಉಪ್ಪಾಗಿರಬಾರದು.